ಮಾವನ ಬಲಗಣ್ಣಿನ ಹದಿನೈದು

ನನ್ನ ಸೋದರಮಾವನಿಗೆ ಬೀದಿಯವರು ಇಟ್ಟ ಹೆಸರು ಕಣ್ಣಿನ ಮೆಕ್ಯಾನಿಕ್. ಕಣ್ಣಿನೊಳಗಿನ ಒತ್ತಡ ಅಳೆಯುವ ಬ್ಯಾಟರಿ ಮೀಟರುಗಳಿವೆಯಲ್ಲ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣವು, ಅವನ್ನು ರಿಪೇರಿ ಮಾಡುವುದು ಅವನ ಕಸುಬು. ಊರಿನ ಯಾವ ಕಣ್ಣಾಸ್ಪತ್ರೆಯಲ್ಲಿ ಮೀಟರು ಕೆಟ್ಟರೂ ಅದು ಬರುತ್ತಿದ್ದುದು ಮೆಟ್ಟಿಲ ಕೆಳಗಿನ ಅವನ ಗೂಡಂಗಡಿಗೆ.

ರಿಪೇರಿಯಾದದ್ದನ್ನು ಪರೀಕ್ಷಿಸಲು ಕಂಪನಿಯವರು ಒಂದು ರಬ್ಬರ್ ಕಣ್ಣು ಕಳಿಸಿದ್ದರು. ಮಾವ ಅದನ್ನು ಮೊದಲ ವಾರವೇ ಕಸಕ್ಕೆ ಎಸೆದಿದ್ದ.

“ರಬ್ಬರ್‌ಗೇನು ಗೊತ್ತೋ ಒತ್ತಡ ಅಂದ್ರೆ? ಅದಕ್ಕೇನು ಹೆಂಡ್ತಿನಾ, ಮಕ್ಳಾ?”

ಅವನದು ಬೇರೆಯೇ ಪದ್ಧತಿ. ಕನ್ನಡಿ ಮುಂದೆ ಕೂತು ಮೀಟರನ್ನು ತನ್ನ ಬಲಗಣ್ಣಿಗೇ ಹಿಡಿಯುತ್ತಿದ್ದ. ವಯಸ್ಸಿನಲ್ಲಿದ್ದಾಗ ಯಾರೋ ದೊಡ್ಡ ಡಾಕ್ಟರು ಆ ಕಣ್ಣು ನೋಡಿ, ಹದಿನೈದು, ಬಹಳ ಚೆನ್ನಾಗಿದೆ ಎಂದಿದ್ದರಂತೆ. ಅಂದಿನಿಂದ ಅದು ಹದಿನೈದೇ. ಮೀಟರು ಹೆಚ್ಚು ತೋರಿಸಿದರೆ ತಪ್ಪು ಮೀಟರಿನದು. ಹದಿನೈದು ಬರುವವರೆಗೆ ಒಳಗಿನ ತಿರುಪು ತಿರುಗಿಸುತ್ತಿದ್ದ. ಬರಬರುತ್ತಾ ಎಲ್ಲ ಮೀಟರುಗಳೂ ಹೆಚ್ಚು ತೋರಿಸತೊಡಗಿದವು. “ಈಗಿನ ಮಾಲೇ ಸರಿಯಿಲ್ಲ” ಎಂದು ಕಂಪನಿಗೆ ಶಾಪ ಹಾಕುತ್ತಾ ಇನ್ನಷ್ಟು ತಿರುಗಿಸಿದ.

ಆಮೇಲೆ ಬಾಗಿಲ ಚೌಕಟ್ಟಿಗೆ ಹಾಯತೊಡಗಿದ. ಪಕ್ಕದಲ್ಲೇ ಇಟ್ಟ ನೀರಿನ ಲೋಟವನ್ನು ಮೊಣಕೈ ತಾಗಿಸಿ ಚೆಲ್ಲಿದ. ಅತ್ತೆ ರೇಗಿದಳು.

“ರೀ, ಎದುರಿಗಿರೋದು ಬಿಟ್ರೆ ನಿಮಗೇನೂ ಕಾಣ್ತಾ ಇಲ್ಲ. ಡಾಕ್ಟರ ಹತ್ರ ನಡೀರಿ.”

“ನನಗೇ ಕಣ್ಣಿನ ಪಾಠನಾ? ದಿನಾ ನೋಡ್ಕೋತೀನಲ್ಲೇ, ಹದಿನೈದು!”

ಹೇಳಿದ ಮಾತು ಕೇಳಿದರೆ ಅವನು ನನ್ನ ಮಾವನೇ ಅಲ್ಲ. ಕೊನೆಗೆ ನಾನೇ ರಟ್ಟೆ ಹಿಡಿದು ಎಳೆದುಕೊಂಡು ಹೋದೆ. ಡಾಕ್ಟರಮ್ಮ ಕೈಮೀಟರು ಹಿಡಿದರು. ಹದಿನೈದು. ಮಾವ ನನ್ನತ್ತ ನೋಡಿ ಮೀಸೆ ತಿರುವಿದ. ಅವರು ಬೆಳಕು ಬಿಟ್ಟು ಎರಡೂ ಕಣ್ಣಿನ ಹಿಂಭಾಗ ನೋಡಿದರು, ಅವರ ಮುಖ ಸಪ್ಪಗಾಯಿತು. ಎರಡರ ನರವೂ ಸವೆದುಹೋಗಿತ್ತು. ಮೂಲೆಯ ಮೇಜಿನ ಮೇಲಿದ್ದ ಹಳೆಯ ದೊಡ್ಡ ಯಂತ್ರದ ಮುಂದೆ ಅವನನ್ನು ಕೂರಿಸಿದರು. ಅದೊಂದು ಮಾತ್ರ ಮಾವನ ಕೈಗೆ ಎಂದೂ ಸಿಕ್ಕಿರಲಿಲ್ಲ. ಮೂವತ್ತೆರಡು ತೋರಿಸಿತು; ಆ ಒತ್ತಡವೇ ನರವನ್ನು ತಿಂದಿತ್ತು.

“ಈ ಕೈಮೀಟರು ರಿಪೇರಿ ಮಾಡಿದ ಪುಣ್ಯಾತ್ಮ ಯಾರು?”

“ನಾನೇ ಮೇಡಂ,” ಎಂದ ಮಾವ ಹೆಮ್ಮೆಯಿಂದ. ಆಮೇಲೆ ಕೈಮೀಟರನ್ನೊಮ್ಮೆ, ದೊಡ್ಡ ಯಂತ್ರವನ್ನೊಮ್ಮೆ ತಿರುಗಿ ತಿರುಗಿ ನೋಡಿದ.

ಹೋದ ನೋಟ ವಾಪಸ್ ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಕಾಪಾಡಿಕೊಳ್ಳಬಹುದು ಎಂದರು ಡಾಕ್ಟರಮ್ಮ. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಮಾವ ಕೇಳಿದ್ದೇ ಬೇರೆ.

“ಬೇರೆ ಆಸ್ಪತ್ರೆ ಮೀಟರುಗಳೂ ಹೀಗೇ ಅಲ್ವಾ? ಅವನ್ನ ನಂಬ್ಕೊಂಡಿರೋ ಜನದ ಗತಿ?”

ನನ್ನ ಸಿಟ್ಟು ಅಲ್ಲೇ ಇಳಿಯಿತು.

ಹನಿಯ ಚೀಟಿ ಜೇಬಿಗೆ ತುರುಕಿಕೊಂಡು, ಔಷಧಿ ಅಂಗಡಿಗೂ ಹೋಗದೆ, ನನ್ನ ಭುಜ ಹಿಡಿದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ. ಮೀಟರು ತಪ್ಪು ತೋರಿಸುತ್ತಿದೆ, ವಾಪಸ್ ಕೊಡಿ ಎಂದು ಅಂಗಲಾಚಿದ. ಡಾಕ್ಟರಮ್ಮ ಫೋನನ್ನೂ ಮಾಡಿದ್ದರು. ಅವರ ಮೀಟರು ಕೆಟ್ಟರೆ ನಮ್ಮದೂ ಕೆಟ್ಟಿರಬೇಕಾ ಎಂದರಂತೆ ಆ ಆಸ್ಪತ್ರೆಗಳವರು.

“ಬಂಗಾರದ ಹಾಗೆ ಕೆಲಸ ಮಾಡ್ತಿದೆ ರೀ. ನೀವು ಮುಟ್ಟಿದ್ಮೇಲೆ ಯಾರಿಗೂ ಜಾಸ್ತಿ ಬಂದೇ ಇಲ್ಲ!”

ಅಷ್ಟು ಹೊಗಳಿಕೆಯನ್ನು ಮಾವ ಜನ್ಮದಲ್ಲಿ ಕೇಳಿರಲಿಲ್ಲ. ತಲೆ ತಗ್ಗಿಸಿ ಹೊರಬಂದ.

ಕೊನೆಯ ಆಸ್ಪತ್ರೆಯ ಮೀಟರು ಹಿಂದಿನ ವಾರವಷ್ಟೇ ಅವನ ಕೈದಾಟಿ ಹೋಗಿತ್ತು. ಅಲ್ಲಿಯ ನರ್ಸಮ್ಮನಿಗೆ ಕೈಮುಗಿದ.

“ನನ್ನ ಕಣ್ಣೇ ಹೋಗಿದೆ ತಾಯಿ. ಇನ್ನೇನು ಸಾಕ್ಷಿ ಬೇಕು?”

ಪಾಪ, ಒಳ್ಳೆಯ ಹೆಂಗಸು. ಅವನನ್ನು ಕುರ್ಚಿಯಲ್ಲಿ ಕೂರಿಸಿ ಮೀಟರು ಹಿಡಿದಳು.

“ನೋಡಿ ಅಂಕಲ್, ಹದಿನೈದು. ಸುಮ್ಸುಮ್ನೆ ಹೆದರ್ಕೊಂಡಿದೀರ.”

ಬೆನ್ನು ತಟ್ಟಿ ಅವನನ್ನು ಎಬ್ಬಿಸಿದಳು. ಹೊರಗೆ ಬೆಂಚಿನ ಮೇಲೆ ಸಾಲಾಗಿ ಕೂತಿದ್ದವರಲ್ಲಿ ಮುಂದಿನವರನ್ನು ಒಳಗೆ ಕರೆದಳು.