ಒಂದನೆಯವನನ್ನು ಎಬ್ಬಿಸುತ್ತಿದ್ದ ವಾರಿಜಕ್ಕ

ಸರ್ವರ್ ಕಂಪ್ಯೂಟರಿನ ಗುಂಡಿ ಒತ್ತಿದ ಮೇಲೆ ವಾರಿಜಕ್ಕ ಕೂರುತ್ತಿರಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸ್ಕ್ರೀನಿನ ಮೇಲೆ ಸರಸರನೆ ಏರಿ ಹೋಗುವ ಸಾಲುಗಳನ್ನು ನಿಂತೇ ಓದುತ್ತಿದ್ದರು. ಆ ಹೊತ್ತಿನಲ್ಲಿ ಯಾರಾದರೂ ಕೀಬೋರ್ಡಿಗೆ ಕೈ ಚಾಚಿದರೆ, ಕತ್ತು ಕೂಡ ತಿರುಗಿಸದೆ, "ಎಂತ ಗಡಿಬಿಡಿ ಮಾರಾಯ್ರೆ? ಅವನು ಏಳ್ತಾ ಇದ್ದಾನಲ್ಲ" ಎನ್ನುತ್ತಿದ್ದರು. ಪಕ್ಕದ ಕೋಣೆಯಲ್ಲಿ ಮಲಗಿರುವ ಮಗುವಿನ ಬಗ್ಗೆ ಮಾತಾಡುವ ದನಿ ಅದು.

ಲೋಕಲ್ ಟ್ರೇನಿನಲ್ಲಿ ಇದೇ ಹೆಂಗಸು ಬೇರೆಯೇ ಆಗಿಬಿಡುತ್ತಿದ್ದರು. ಡೊಂಬಿವಲಿಯಲ್ಲಿ ಮೊಣಕೈಯಿಂದ ದಾರಿ ಮಾಡಿಕೊಂಡು ಹತ್ತಿ, ಲೇಡೀಸ್ ಡಬ್ಬಿಯ ಬಾಗಿಲ ಬಳಿ ಕಂಬ ಹಿಡಿದು ಗಟ್ಟಿಯಾಗಿ ನಿಲ್ಲುತ್ತಿದ್ದರು. ನಾನು ಹತ್ತುವುದು ದಿವಾದಲ್ಲಿ. ಅಲ್ಲಿಗೆ ಬರುವಷ್ಟರಲ್ಲಿ ಒಳಗೆ ಕಾಲಿಡಲು ಜಾಗವಿರುವುದಿಲ್ಲ, ಇದ್ದರೂ ಒಳಗಿನವರು ಬಿಡುವುದಿಲ್ಲ. ವಾರಿಜಕ್ಕ ನನ್ನ ರಟ್ಟೆ ಹಿಡಿದು ಎಳೆದುಕೊಂಡು, ಬೈಯುವವರನ್ನು "ಮೇರಿ ಬೆಹೆನ್ ಹೈ!" ಎಂದು ಗದರಿಸುತ್ತಿದ್ದರು. ನಾನು ಅವರ ತಂಗಿಯಲ್ಲ. ನಾನು ಹುಬ್ಬಳ್ಳಿಯವಳು, ಅವರು ಉಡುಪಿ ಕಡೆಯವರು. ನನ್ನ "ಹೌದ್ರಿ"ಗೆ ಅವರಿಗೆ ನಗು, ಅವರ "ಉಂಟು" ಕೇಳಿದರೆ ನನಗೆ ನಗು.

ಕಳವಾ ಸ್ಟೇಷನ್ನಿನ ಬಳಿಯ ಒಂದು ಸಣ್ಣ ಡಯಾಲಿಸಿಸ್ ಕೇಂದ್ರದಲ್ಲಿ ನಮ್ಮಿಬ್ಬರ ಕೆಲಸ. ರೋಗಿಗಳ ತೂಕ, ಔಷಧದ ಪ್ರಮಾಣ, ಕಳೆದ ಸಲ ದೇಹದಿಂದ ಎಷ್ಟು ನೀರು ತೆಗೆದರು ಎಂಬುದೆಲ್ಲ ಒಂದೇ ಸರ್ವರಿನಲ್ಲಿ ಇರುತ್ತಿತ್ತು. ಪ್ರತಿ ಹಾಸಿಗೆಯ ಪಕ್ಕ ಒಂದು ಸ್ಕ್ರೀನ್. ನರ್ಸುಗಳು ಅಲ್ಲಿಂದ ಲಾಗಿನ್ ಆಗಿ ವಿವರ ನೋಡುತ್ತಿದ್ದರು. ಆ ಸರ್ವರಿನ ಪೂರ್ತಿ ಜವಾಬ್ದಾರಿ ವಾರಿಜಕ್ಕನದು, ಅವರ ಕೈಕೆಳಗೆ ನಾನು. ನನ್ನ ಹಳೆಯ ಕಂಪನಿ ಬಾಗಿಲು ಮುಚ್ಚಿ ನಾನು ಮನೆಯಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಾಗ, ಟ್ರೇನಿನ ಪರಿಚಯದ ಮೇಲೆಯೇ ಕೇಂದ್ರದ ಡಾಕ್ಟರರ ಬೆನ್ನು ಹತ್ತಿ ಈ ಕೆಲಸ ಕೊಡಿಸಿದವರು ಅವರೇ.

ಅವರ ಪಾಠವೆಲ್ಲ ಹೋಟೆಲಿನ ಭಾಷೆಯಲ್ಲಿ ನಡೆಯುತ್ತಿತ್ತು. ಠಾಣೆ ಊರಿನಲ್ಲಿ ಅವರ ಅಪ್ಪನ ಸಸ್ಯಾಹಾರಿ ಹೋಟೆಲಿತ್ತು. ಬಾಲ್ಯ ಕಳೆದದ್ದು ಅದರ ಹಿಂದಿನ ಕೋಣೆಯಲ್ಲಿ.

"ನೋಡು ಮಾರಾಯ್ತಿ, ಹೋಟೆಲಿನಲ್ಲಿ ಮೊದಲು ಏಳುದು ಒಬ್ಬನೇ. ಉಳಿದವರನ್ನೆಲ್ಲ ಎಬ್ಬಿಸುದು ಅವನ ಕೆಲಸ. ಮೊದಲು ನೀರಿನ ಮೋಟರು, ಮತ್ತೆ ಒಲೆ, ಮತ್ತೆ ಇಡ್ಲಿ. ಸಾಂಬಾರು ಕುದಿಯುವ ಮೊದಲೇ ಶಟರ್ ಎತ್ತಿದ್ರೆ ಎಂತಾಗ್ತದೆ? ಗಿರಾಕಿ ಕೂತು ಬೊಬ್ಬೆ ಹೊಡಿತಾನೆ. ಇಲ್ಲಿಯೂ ಹಾಗೇ. ಮಷೀನಿನೊಳಗೆ ಓಡುವ ಒಂದೊಂದು ಪ್ರೋಗ್ರಾಮೂ ಒಂದು ಪ್ರೊಸೆಸ್. ಒಂದನೇ ನಂಬರಿನ ಪ್ರೊಸೆಸ್ ಉಳಿದ ಎಲ್ಲರನ್ನೂ ಸಾಲಾಗಿ ಎಬ್ಬಿಸ್ತದೆ. ಎಲ್ಲ ಆದ ಮೇಲೆಯೇ ಲಾಗಿನ್ನಿನ ಶಟರ್ ಎತ್ತುದು."

"ಆಮೇಲೆ ಅದಕ್ಕೇನು ಕೆಲಸ ಇಲ್ಲೇನ್ರಿ?" ಎಂದು ನಾನು ಕೇಳಿದ್ದೆ.

"ಅಯ್ಯೋ, ಆಮೇಲೆಯೇ ಜಾಸ್ತಿ. ಒಂದು ಗಿರಾಕಿ ಎದ್ದು ಹೋದ ಕೂಡಲೇ ಟೇಬಲ್ ಒರೆಸಿ ನೀರಿಡ್ಬೇಕಲ್ಲ? ಒಬ್ಬ ಲಾಗೌಟ್ ಆದ ಅಂದ್ರೆ ಆ ಜಾಗದಲ್ಲಿ ಮತ್ತೆ ಹೆಸರು ಕೇಳ್ಲಿಕ್ಕೆ ಹೊಸಬನನ್ನು ನಿಲ್ಲಿಸುದು ಅವನೇ. ಇನ್ನೊಂದುಂಟು. ಯಾವುದೋ ಪ್ರೊಸೆಸ್ ಮಧ್ಯದಲ್ಲಿ ಸತ್ತು ಹೋಯ್ತು, ಅದರ ಮಕ್ಕಳು ಹಾಗೇ ಉಳಿದ್ವು ಅಂತ ಇಟ್ಟುಕೋ. ಅವಕ್ಕೆ ಯಾರು ಗತಿ? ಒಂದನೆಯವನೇ ಅಪ್ಪ."

ಅದನ್ನು ಕೇಳಿದಾಗ ನನಗೆ ದಿವಾ ಸ್ಟೇಷನ್ನಿನಲ್ಲಿ ನನ್ನತ್ತ ಚಾಚಿಕೊಳ್ಳುವ ಕೈ ನೆನಪಾಯಿತು. "ಹಂಗಾದ್ರ ನಮ್ಮ ಒಂದನೇ ನಂಬರು ನೀವೇ ಬಿಡ್ರಿ" ಎಂದೆ. ಅವರಿಗೆ ಅದು ಹಿಡಿಸಲಿಲ್ಲ. "ಒಂದನೆಯವ ಬಿದ್ರೆ ಇಡೀ ಮಷೀನೇ ಬಿದ್ದ ಹಾಗೆ. ನಾನು ಅಂಥವಳಾಗುದು ಬೇಡ. ನಾನು ಅವನನ್ನು ಎಬ್ಬಿಸಿ ಹೋಗುವವಳು, ಅಷ್ಟೇ" ಎಂದು ತಮ್ಮ ಕಷಾಯದ ಲೋಟ ಎತ್ತಿದರು.

ಆ ಕಷಾಯದ ಬಗ್ಗೆಯೂ ಹೇಳಬೇಕು. ಸರ್ವರ್ ಕೋಣೆಗೆ ತಾಗಿದ ಪ್ಯಾಂಟ್ರಿಯಲ್ಲಿ ಅವರದೇ ಒಂದು ಕೆಟಲ್ ಇತ್ತು. ಕಷಾಯವಾಗಲಿ ಚಹಾವಾಗಲಿ, ಬಾಯಿ ಸುಡುವಷ್ಟು ಬಿಸಿಯಿರುವಾಗಲೇ ಗಟಗಟ ಕುಡಿದು ಮುಗಿಸುತ್ತಿದ್ದರು. ನಾನು ಮಾತಾಡುತ್ತಾ ಚಹಾ ಆರಲು ಬಿಟ್ಟರೆ, "ತಣಿದ ಚಾ ಕುಡಿಯುದಕ್ಕಿಂತ ನೀರು ಕುಡಿ" ಎಂದು ಬೈಯುತ್ತಿದ್ದರು.

ಒಂದು ಬೆಳಿಗ್ಗೆ ಕರೆಂಟು ಹೋಯಿತು, ಯುಪಿಎಸ್ಸೂ ಕೈಕೊಟ್ಟಿತು. ಕರೆಂಟು ಬಂದ ಮೇಲೆ ವಾರಿಜಕ್ಕ ಗುಂಡಿ ಒತ್ತಿ ಎಂದಿನಂತೆ ನಿಂತರು. ಸರ್ವರ್ ಎದ್ದಂತೆ ಕಂಡಿತು. ಆದರೆ ಹಾಸಿಗೆ ಪಕ್ಕದ ಸ್ಕ್ರೀನುಗಳಲ್ಲಿ ನರ್ಸುಗಳು ಹೆಸರು, ಪಾಸ್‌ವರ್ಡ್ ಒತ್ತಿದರೆ ಒಂದೇ ಉತ್ತರ: ಯಂತ್ರ ಇನ್ನೂ ಏಳುತ್ತಿದೆ, ಈಗ ಒಳಗೆ ಬಿಡುವಂತಿಲ್ಲ. ಬೆಳಗಿನ ಸರದಿಯ ರೋಗಿಗಳು ಬಂದು ಮಲಗಿಯಾಗಿತ್ತು. ಅವರ ವಿವರ ನೋಡದೆ ಡಯಾಲಿಸಿಸ್ ಶುರುಮಾಡಲು ಡಾಕ್ಟರು ಸಿದ್ಧರಿರಲಿಲ್ಲ. ಅವರು ಮರಾಠಿಯವರು, ಒಳ್ಳೆಯವರು, ಆದರೆ ಆ ಹೊತ್ತಿಗೆ ತಾಳ್ಮೆ ಮುಗಿದಿತ್ತು. "ಬಂದ್ ಕರೋ, ಫಿರ್ ಚಾಲೂ ಕರೋ!" ಎನ್ನುತ್ತಾ, ತಾವೇ ಬಂದ್ ಮಾಡಿ ಮತ್ತೆ ಚಾಲೂ ಮಾಡಲು ಸ್ವಿಚ್ಚಿನ ಕಡೆಗೇ ಬಂದರು.

ವಾರಿಜಕ್ಕ ಸ್ವಿಚ್ಚಿಗೆ ಅಡ್ಡ ನಿಂತರು. "ನಹೀ ಡಾಕ್ಟರ್‌ಸಾಬ್. ಯೇ ಕಿಸೀಕಾ ರಾಸ್ತಾ ದೇಖ್ ರಹಾ ಹೈ. ಕಿಸ್ಕಾ, ವೋ ದೇಖ್ನೇ ದೋ."

ಇದು ಯಾರದೋ ದಾರಿ ಕಾಯುತ್ತಿದೆ, ಯಾರದೆಂದು ನೋಡಲು ಬಿಡಿ ಎಂದು ಅದರ ಅರ್ಥ. ಶಟರ್ ಎತ್ತದಿದ್ದರೂ ಯಜಮಾನನ, ಅಂದರೆ ಸರ್ವರ್ ನೋಡಿಕೊಳ್ಳುವವರ, ಹೆಸರಿನಲ್ಲಿ ಮಾತ್ರ ಒಳಗೆ ಹೋಗಬಹುದು. ವಾರಿಜಕ್ಕ ಹಾಗೆ ಒಳಗೆ ಹೋಗಿ, ಇನ್ನೂ ಏಳದೆ ಉಳಿದವರು ಯಾರೆಂದು ಒಂದನೆಯವನನ್ನೇ ಕೇಳಿದರು. ಉತ್ತರ ಬಂತು: ಪ್ಯಾಂಟ್ರಿಯ ಮೂಲೆಯಲ್ಲಿದ್ದ ಬ್ಯಾಕಪ್ ಪೆಟ್ಟಿಗೆ. ದಿನದ ವಿವರಗಳ ನಕಲು ಉಳಿಸಿಡುವ ಆ ಪೆಟ್ಟಿಗೆ ನೆಟ್‌ವರ್ಕಿನಲ್ಲಿ ಸಿಗುವವರೆಗೆ ಉಳಿದವರನ್ನು ಒಳಗೆ ಬಿಡದೆ ಸರ್ವರ್ ಕಾಯುತ್ತಿತ್ತು. ನಾನು ಪ್ಯಾಂಟ್ರಿಗೆ ಓಡಿ ನೋಡಿದೆ. ಪೆಟ್ಟಿಗೆಯ ಪ್ಲಗ್ ಕೆಳಗೆ ಬಿದ್ದಿತ್ತು, ಅದರ ಜಾಗದಲ್ಲಿ ಕೆಟಲಿನ ಪ್ಲಗ್ ಚುಚ್ಚಿತ್ತು.

"ವಾರಿಜಕ್ಕಾ, ನಿಮ್ಮ ಕಷಾಯರೀ!" ಎಂದು ಅಲ್ಲಿಂದಲೇ ಕೂಗಿದೆ.

ಪ್ಲಗ್ ಬದಲಾಯಿಸಿದೆ. ಪೆಟ್ಟಿಗೆಯ ದೀಪ ಹತ್ತಿ, ಸ್ವಲ್ಪ ಹೊತ್ತಿಗೆ ನರ್ಸುಗಳು ಲಾಗಿನ್ ಆದ ಖುಷಿಯಲ್ಲಿ "ಹೋ ಗಯಾ, ಹೋ ಗಯಾ" ಎನ್ನುವುದು ಕೇಳಿಸಿತು. ವಾರಿಜಕ್ಕ ಹಣೆ ಚಚ್ಚಿಕೊಂಡು ನಕ್ಕರು, ಡಾಕ್ಟರರ ಮುಂದೆ ಹೋಗಿ ತಪ್ಪು ತಮ್ಮದೇ ಎಂದರು. ಡಾಕ್ಟರು ಬೈಯಬೇಕೋ ನಗಬೇಕೋ ತಿಳಿಯದೆ ಅರ್ಧ ಕಪ್ ಕಷಾಯ ಕೇಳಿದರು.

ಅದೇ ದಿನ ಮಧ್ಯಾಹ್ನ ಅವರು ನನ್ನನ್ನು ಕೂರಿಸಿಕೊಂಡು, ಏಳುವಾಗ ಸರ್ವರ್ ಓದುವ ಪಟ್ಟಿಯಲ್ಲಿ ಆ ಪೆಟ್ಟಿಗೆಯ ಸಾಲಿಗೆ ಒಂದು ಪದ ಸೇರಿಸಿದರು. ಪೆಟ್ಟಿಗೆ ಸಿಕ್ಕರೆ ಸರಿ, ಸಿಗದಿದ್ದರೂ ಶಟರ್ ಎತ್ತು ಎಂದು ಅದರ ಅರ್ಥ. "ಯಾರೋ ಒಬ್ಬರು ಬರ್ಲಿಲ್ಲ ಅಂತ ಹೋಟೆಲು ಮುಚ್ಚಿ ಕೂರುದು ಬೇಡ" ಎಂದರು. ತಮ್ಮ ಬಗ್ಗೆಯೂ ಅದನ್ನೇ ಯೋಚಿಸುತ್ತಿದ್ದರೆಂದು ನನಗೆ ಆಗ ಹೊಳೆಯಲಿಲ್ಲ.

ಮುಂದಿನ ಬೇಸಗೆಯಲ್ಲಿ ಅವರು ಕೆಲಸ ಬಿಟ್ಟರು. ಮೊಣಕಾಲು ಟ್ರೇನಿನ ನೂಕುನುಗ್ಗಲನ್ನು ತಡೆಯುತ್ತಿರಲಿಲ್ಲ. ಉಡುಪಿ ಹತ್ತಿರದ ಕಾಪುವಿನಲ್ಲಿ ಅಕ್ಕನ ಜೊತೆ ಇರುವುದೆಂದು ತೀರ್ಮಾನಿಸಿದ್ದರು. ಕೊನೆಯ ದಿನ ಬೆಳಗಿನ ಸರದಿ ಮುಗಿದು ಮಧ್ಯಾಹ್ನದವರು ಬರುವ ಮೊದಲು, ಅವರೇ ಸರ್ವರ್ ಬಂದ್ ಮಾಡಿದರು. "ಈಗ ನೀನೇ ಎಬ್ಬಿಸು. ನಾನು ಕೆಳಗೆ ಹೋಟೆಲಿನಲ್ಲಿ ಚಾ ಕುಡಿತೇನೆ. ಫೋನ್ ಮಾಡ್ಬೇಡ" ಎಂದು ಹೊರಟೇಬಿಟ್ಟರು.

ಗುಂಡಿ ಒತ್ತಿದೆ. ಎದ್ದೇಳದಿದ್ದರೆ ಮಧ್ಯಾಹ್ನದವರನ್ನು ಏನೆಂದು ಹೇಳಿ ಕಳಿಸುವುದು? ಸಾಲುಗಳು ಏರತೊಡಗಿದವು. ಒಂದು ಕಡೆ ನಿಂತವು. ಕೀಬೋರ್ಡಿನತ್ತ ಹೋದ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಆಮೇಲೆ ಮತ್ತೆ ಏರಿದವು. ಹಾಸಿಗೆಯಿಂದ ಹಾಸಿಗೆಗೆ ಹೋಗಿ ಒಂದೊಂದೇ ಸ್ಕ್ರೀನಿನಲ್ಲಿ ಲಾಗಿನ್ ಆಗಿ ನೋಡಿದೆ. ಎಲ್ಲವೂ ಒಳಗೆ ಬಿಟ್ಟವು.

ಮೆಟ್ಟಿಲು ಹಾರಿಕೊಂಡು ಕೆಳಗಿಳಿದೆ. ವಾರಿಜಕ್ಕ ರಸ್ತೆ ಬದಿಯ ಟೇಬಲಿನಲ್ಲಿ, ನಮ್ಮ ಕಿಟಕಿಯತ್ತ ಮುಖಮಾಡಿ ಕೂತಿದ್ದರು. ನನ್ನನ್ನು ಕಂಡು ಅರ್ಧ ಎದ್ದರು.

"ಎದ್ದನಾ?"

"ಎದ್ದಾನ್ರೀ. ಎಲ್ಲಾರೂ ಎದ್ದಾರ."

ಅವರು ಉಸಿರು ಬಿಟ್ಟು ಕುರ್ಚಿಗೆ ಒರಗಿದರು. ಅವರ ಮುಂದಿದ್ದ ಚಹಾದ ಗ್ಲಾಸು ತುಂಬಿದ ಹಾಗೇ ಇತ್ತು, ಮೇಲೆ ದಪ್ಪ ಕೆನೆ ಕಟ್ಟಿತ್ತು.