ಮಗ್ಗದ ಕುಣಿಯ ಸುತ್ತ ರೈಲು

ಬೆಟಗೇರಿಯ ನಮ್ಮ ಮನೆಯಲ್ಲಿ ನನ್ನ ಹವ್ಯಾಸದ ಆಟಿಕೆ ರೈಲಿನ ಹಳಿ ಹಾಸಲು ಜಾಗವಿದ್ದದ್ದು ಮಗ್ಗದ ಕೋಣೆಯಲ್ಲಿ ಮಾತ್ರ. ಮಗ್ಗ ಮಾರಿಯಾಗಿತ್ತು, ಅಪ್ಪ ಕಾಲು ಇಳಿಬಿಟ್ಟು ಮೆಟ್ಟುಹಲಗೆ ತುಳಿಯುತ್ತ ನೇಯುತ್ತಿದ್ದ ಕುಣಿ ಉಳಿದಿತ್ತು. ಅದನ್ನು ಪ್ಲೈವುಡ್ ಹಲಗೆಯಿಂದ ಮುಚ್ಚುವುದೆಂದು ನೆಲದ ಮೇಲೆ ಸೀಮೆಸುಣ್ಣದಿಂದ ಹಳಿ, ನಿಲ್ದಾಣ ಗೀಚಿದೆ. ಬೆಳಿಗ್ಗೆ ನೋಡಿದರೆ ಅಪ್ಪ ಎಂದಿನಂತೆ ಕುಣಿಯಲ್ಲಿ ಕಾಲು ಬಿಟ್ಟು ಕೂತಿದ್ದ. ಧೋತರ ತಾಗಿ ನಿಲ್ದಾಣ ಅರ್ಧ ಅಳಿಸಿಹೋಗಿತ್ತು. ನನಗೆ ಸಿಟ್ಟು ಬಂತು.

“ಮಗ್ಗನ ಇಲ್ಲ, ಇಲ್ಲಿ ಯಾಕ ಕುಂಡ್ರತಿಯಪ್ಪಾ? ಇದನ್ನ ಮುಚ್ಚಬೇಕು.”

“ಮುಚ್ಚು. ನಾ ಎಲ್ಲಿ ಕುಂಡ್ರಲಿ, ಅದನ್ನಷ್ಟ ಹೇಳು.”

ಬಡಿಗನಿಗೆ ಹೇಳಿ ಹಲಗೆಯ ನಡುವೆ ಅಪ್ಪ ಕೂರುವಷ್ಟು ಕಂಡಿ ಕೊರೆಸಿದೆ. ಹಲಗೆ ಮನೆಗೆ ಬರುವ ಹೊತ್ತಿಗೆ ಅಪ್ಪ ತೀರಿಕೊಂಡಿದ್ದ.

ಈಗ ಹಳಿ ತಪ್ಪಿದ ಎಂಜಿನ್ ಎತ್ತಲು ನಾನೇ ಆ ಕುಣಿಯಲ್ಲಿ ಕೂರುತ್ತೇನೆ. ರೈಲು ನನ್ನ ಸುತ್ತ ತಿರುಗುತ್ತದೆ. ಕೆಳಗೆ ಕಾಲಿಗೆ ತುಳಿಯಲು ಏನೂ ಸಿಗುವುದಿಲ್ಲ.