ರೇಡಿಯೇಟರಿಗೆ ಹತ್ತಿದ ಭಂಡಾರ

ಅಣ್ಣ ಕೊಲ್ಲಾಪುರದಿಂದ ತಂದ ಹಳೆಯ ಕಾರು ಒಂದು ಕಾಲಕ್ಕೆ ರೇಸಿನಲ್ಲಿ ಓಡಿದ್ದು. ಎರಡು ಕಾರ್ಬೊರೇಟರು, ನೆಲಕ್ಕೆ ತಾಗುವಂಥ ಹೊಟ್ಟೆ, ಚಾಲೂ ಮಾಡಿದರೆ ಓಣಿಯ ನಾಯಿಗಳೆಲ್ಲ ಎದ್ದು ನಿಲ್ಲುವ ಸದ್ದು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮಂಗಸೂಳಿಯ ಹತ್ತಿರದ ನಮ್ಮೂರಲ್ಲಿ ದ್ರಾಕ್ಷಿ ತೋಟದವರ ಮನೆಯಲ್ಲೂ ಒಂದು ಜೀಪಿದ್ದರೆ ಹೆಚ್ಚು. ಅಪ್ಪನಿಗೆ ಮಾತ್ರ ಆ ಕಾರು ಕಂಡರೆ ಆಗುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಕಲ್ಲು ಬಡಿದು ಅದರ ರೇಡಿಯೇಟರ್ ಒಡೆಯಿತು, ಬೆಸುಗೆ ಹಾಕಲೂ ಬಾರದಷ್ಟು. ಅದೇ ಹೊತ್ತಿಗೆ ಅಕ್ಕ ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವಳ ಮೊದಲ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ನೋವು ಕಾಣಿಸಿದ ಕೂಡಲೇ ಕರೆತರಬೇಕೆಂದು ಮಿರಜಿನ ಡಾಕ್ಟರು ಎರಡೆರಡು ಸಲ ಹೇಳಿದ್ದರು. ನಮ್ಮೂರಿಗೆ ಬರುತ್ತಿದ್ದುದು ದಿನಕ್ಕೆ ಮೂರು ಬಸ್ಸು. ಕಾರು ಬೇಗ ರಸ್ತೆಗಿಳಿಯಲೇಬೇಕಿತ್ತು.

ಚಿಕ್ಕೋಡಿಯ ಮೇಸ್ತ್ರಿ ಎರಡು ದಾರಿ ಹೇಳಿದ. ಹೊಸದನ್ನು ಪುಣೆಯಿಂದ ತರಿಸಬೇಕು, ಮೂರು ವಾರ ಹಿಡಿಯುತ್ತದೆ. "ಅದೂ ಎರಡ ಸಾಲಿನ ನಳಿಗೀದು. ಈ ಇಂಜಿನ್ ಕಾಯೂದಕ್ಕ ಸಾಲಂಗಿಲ್ರಿ. ಮೂರ ಸಾಲಿಂದು ಹಳೇದು ಸಿಕ್ಕರ ನೋಡ್ರಿ, ನಿಪ್ಪಾಣ್ಯಾಗ ಸಿಕ್ಕೀತು."

ನಿಪ್ಪಾಣಿಯ ಗುಜರಿ ಅಂಗಡಿಯಲ್ಲಿ ಸಿಕ್ಕೇಬಿಟ್ಟಿತು. ಪಕ್ಕದ ತಂಬಾಕಿನ ಗೋದಾಮಿನ ಘಾಟಿಗೆ ಸೀನುತ್ತಲೇ ಅಣ್ಣ ನಳಿಗೆಯ ಸಾಲು ಎಣಿಸಿದ, ಮೂರು. ಹಿತ್ತಾಳೆಯ ತೊಟ್ಟಿ, ಒಂದು ಹನಿಯೂ ಸೋರದು. ಮುಚ್ಚಳದ ಸುತ್ತ ಹಳದಿ ಪುಡಿ ಮೆತ್ತಿಕೊಂಡಿತ್ತು. ಅಣ್ಣ ಥಟ್ಟನೆ ಚಪ್ಪಲಿ ಬಿಟ್ಟ.

"ಮಲ್ಲಯ್ಯನ ಭಂಡಾರ ಹತ್ತೇತಿ ನೋಡೋ!"

ನಮ್ಮ ಕಡೆ ಹೊಸ ಚಕ್ಕಡಿಗೂ, ನೀರಿನ ಪಂಪಿಗೂ, ಟ್ರ್ಯಾಕ್ಟರಿಗೂ ಮಂಗಸೂಳಿ ಮಲ್ಲಯ್ಯನ ಭಂಡಾರ, ಅಂದರೆ ದೇವರ ಅರಿಶಿನ ಬೀಳದೆ ಕೆಲಸ ಶುರುವಾಗುವುದಿಲ್ಲ. "ದೇವರಿಗೆ ಹೋಗಿ ಬಂದ ಗಾಡೀದ ಏನ್ರಿ?" ಎಂದು ನಾನೇ ಕೇಳಿದೆ. ಅಂಗಡಿಯವ ಮರಾಠಿಯಲ್ಲಿ "ಹೋ", ಹೌದು ಎಂದ, ಅಷ್ಟೇ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರೆ. ನಮ್ಮ ಕಣ್ಣಿಗೆ ಹಳದಿಯೆಲ್ಲ ಭಂಡಾರ.

ಅದನ್ನು ಕೂರಿಸುವಾಗ ಅಣ್ಣ ರಬ್ಬರ್ ಪೈಪು ತರಲು ಪೇಟೆಗೆ ಹೋಗಿದ್ದ. ನೀರು ಹೊಯ್ಯುತ್ತಿದ್ದ ಮೇಸ್ತ್ರಿ ಕೈ ತಡೆದ.

"ಇನ್ನೂ ಎರಡ ತಂಬಿಗಿ ಹಿಡೀಬೇಕಿತ್ತಲ್ಲೋ ತಮ್ಮಾ. ಒಳಗ ಏನರೆ ಕಟ್ಟಿರಬೇಕು. ಮ್ಯಾಲಿನ ತೊಟ್ಟಿ ಬೆಂಕಿಲೆ ಕಾಸಿ ಬಿಚ್ಚಿ, ನಳಿಗ್ಯಾಗ ತಂತಿ ಸಳಿ ಹಾಯಿಸಿ ನೋಡಾಮು. ನಾಡದ ಬರ್ರಿ."

"ಭಂಡಾರ ಹತ್ತಿದ್ದಕ್ಕ ಬೆಂಕಿ ಹಿಡೀತೀರೇನ್ರಿ? ಬ್ಯಾಡ," ಎಂದೆ.

ದೇವರ ಹೆಸರು ಬರೀ ನೆಪ. ಮರುದಿನ ಕಾಲೇಜಿನ ಗೇಟಿನ ಮುಂದೆ ಆ ಕಾರಿನಿಂದ ಇಳಿಯಬೇಕೆಂಬ ಹುಚ್ಚು ನನಗೆ. ಮೇಸ್ತ್ರಿ ನನ್ನ ಮುಖ ನೋಡಿ ಮುಚ್ಚಳ ತಿರುಗಿಸಿದ. ಅಣ್ಣ ಬಂದ ಮೇಲೆ ನಾನು ಈ ಮಾತು ಎತ್ತಲಿಲ್ಲ.

ಹದಿನೈದು ದಿನ ಕಾರು ಚೆನ್ನಾಗಿಯೇ ಓಡಿತು. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮಾತ್ರ ದಿನಕ್ಕಿಷ್ಟು ಮೇಲೇರುತ್ತಿತ್ತು. ಬಿಸಿಲಿಗೆ ಹಾಗಾಗುತ್ತದೆಂದು ಅಣ್ಣ, ಹೌದೆಂದು ನಾನು.

ಒಂದು ಮಧ್ಯಾಹ್ನ ಅಕ್ಕನಿಗೆ ನೋವು ಬಂತು, ಮಿರಜಿಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಅವ್ವನ ತೊಡೆಯ ಮೇಲೆ ಅವಳ ತಲೆ. ಕಾಗವಾಡ ದಾಟುವಾಗ ಮುಳ್ಳು ಕೆಂಪಿಗೆ ಮುಟ್ಟಿದ್ದನ್ನು ನಾನು ಕಂಡೆ. ಅಣ್ಣನೂ ಕಂಡ. ಆದರೆ ಅಕ್ಕ ಚೀರಿದಾಗ ಆಕ್ಸಿಲರೇಟರನ್ನು ಇನ್ನಷ್ಟು ಜೋರಾಗಿ ತುಳಿದ. ಸ್ವಲ್ಪ ದೂರದಲ್ಲೇ ಬಾನೆಟ್ಟಿನಿಂದ ಹಬೆ ಎದ್ದಿತು, ಇಂಜಿನ್ ಕಟಕಟ ಅಂದು ನಿಂತುಬಿಟ್ಟಿತು. ಅಲ್ಲಿ ಒಂದು ಗಿಡದ ನೆರಳೂ ಇರಲಿಲ್ಲ.

ಟವೆಲ್ ಒದ್ದೆ ಮಾಡಿ ಅಣ್ಣ ಮುಚ್ಚಳ ತಿರುಗಿಸಿದ. ದಟ್ಟ ಹಳದಿ ನೀರು ಚಿಮ್ಮಿತು. ಕುದಿಯುವ ಸಾರಿನ ವಾಸನೆ.

"ಅಯ್ಯ, ಇದು ಅರಿಶಿಣ ಅಲ್ಲೇನೋ!" ಎಂದಳು ಅವ್ವ.

ಸೋರುವ ರೇಡಿಯೇಟರಿಗೆ ಅರಿಶಿನ ಸುರಿದರೆ ತೂತು ಮುಚ್ಚುತ್ತದೆ ಎಂದು ಲಾರಿಯವರು ಹೇಳುತ್ತಿದ್ದುದು ಆಗ ನೆನಪಾಯಿತು. ತೂತಿನ ಜೊತೆ ನಳಿಗೆಯೂ ಮುಚ್ಚುತ್ತದೆ. ನಳಿಗೆಯಲ್ಲಿ ಹಾಯಬೇಕಿದ್ದ ಮೇಸ್ತ್ರಿಯ ಸಳಿ ನನ್ನ ಎದೆಗೇ ಚುಚ್ಚಿದಂತಾಯಿತು.

ಒಂದು ತಾಸಿನ ಮೇಲೆ ಉಳ್ಳಾಗಡ್ಡಿ ತುಂಬಿದ ಟೆಂಪೋ ಸಿಕ್ಕಿತು. ಅಕ್ಕ ಉಳಿದಳು. ಗಂಡು ಕೂಸು, ಅಳಲಿಲ್ಲ.

ಆಸ್ಪತ್ರೆಯ ಅಂಗಳದಲ್ಲಿ ಅಪ್ಪ ಅಣ್ಣನಿಗೆ, "ನಿನ್ನ ಜೋರ ತಿಂತು ನೋಡ ಕೂಸನ್ನ," ಎಂದ. ಅಣ್ಣ, "ಹೌದು, ನಾನ ಜೋರ ಹೊಡದ್ನಿ," ಎಂದ. ನಾನು ಪಕ್ಕದಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ಇಂದು ಹೇಳಬೇಕು, ನಾಳೆ ಹೇಳಬೇಕು ಅಂದುಕೊಂಡೇ ವರ್ಷಗಳು ಹೋದವು. ಮೇಸ್ತ್ರಿಯ ಗ್ಯಾರೇಜಿನ ಮುಂದೆ ಹಾಯುವುದನ್ನೂ ಬಿಟ್ಟೆ. ಹೇಡಿತನಕ್ಕೆ ಬೇರೆ ಹೆಸರಿಲ್ಲ.

ಅಣ್ಣ ಆಮೇಲೆ ಯಾವ ಗಾಡಿಯ ಸ್ಟೇರಿಂಗನ್ನೂ ಮುಟ್ಟಲಿಲ್ಲ. ಮೊನ್ನೆ ಹಬ್ಬಕ್ಕೆ ಅಕ್ಕನ ಮನೆಯಲ್ಲಿ ಇಬ್ಬರೂ ಉಣ್ಣಲು ಕೂತಿದ್ದೆವು. ಅವನು ಎಂದಿನಂತೆ ತಲೆ ತಗ್ಗಿಸಿಯೇ ಇದ್ದ. ಅಕ್ಕ ಬಡಿಸುತ್ತ, "ಇನ್ನರೆ ಮ್ಯಾಲ ನೋಡಿ ಉಣ್ಣೋ. ನಾ ಎಂದೋ ಬಿಟ್ಟೇನಿ, ನೀನೂ ಬಿಡು," ಎಂದಳು. ಅವನ ಕಣ್ಣಿನಿಂದ ನೀರು ತಟ್ಟೆಗೆ ಬಿತ್ತು. ಅಕ್ಕ ನನ್ನ ಕಡೆ ತಿರುಗಿ ಇನ್ನೊಂದು ಹೋಳಿಗೆ ಹಾಕಲೇನು ಎಂದು ಕೇಳಿದಳು. ನಾನು ಹಾಕಿಸಿಕೊಂಡು ಉಂಡೆ.